ಅಂಗಳದ ಅಡಿಕೆಗೆ ನಾಲ್ಕು ಬಗೆಯ ಕಾವಲು

ಎರಡು ಚೀಲ ಚಾಲಿ ಅಡಿಕೆ ಕಾಣೆಯಾಗಿದೆ ಎಂದು ನಮಗೆ ಗೊತ್ತಾಗುವಾಗ ಎಂಟು ದಿನ ಕಳೆದಿತ್ತು. ಸೊಸೈಟಿಗೆ ಒಯ್ಯಲೆಂದು ಗೋದಾಮಿನ ಚೀಲಗಳನ್ನು ಎಣಿಸಿದಾಗ ಲೆಕ್ಕ ತಪ್ಪಿತು. ಕ್ಯಾಮೆರಾ ಇರಲಿಲ್ಲವೇ ಎಂದರೆ, ಇತ್ತು. ಗೋದಾಮಿನ ಬಾಗಿಲಿಗೇ ಮುಖ ಮಾಡಿಕೊಂಡಿತ್ತು. ಕ್ಯಾಮೆರಾದ ಚಿತ್ರಗಳನ್ನು ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್ ತೆರೆದು ದಿನಾಂಕವನ್ನು ಹಿಂದಕ್ಕೆ ಸರಿಸುತ್ತ ಹೋದರೆ ಆರನೆಯ ದಿನಕ್ಕೆ ದಾಖಲೆಯೇ ಮುಗಿದುಹೋಯಿತು. ಅದಕ್ಕಿಂತ ಹಿಂದಿನದನ್ನು ಅಳಿಸಿ, ಅದೇ ಜಾಗದಲ್ಲಿ ಯಂತ್ರ ಹೊಸದನ್ನು ಬರೆದುಕೊಂಡಿತ್ತು.

ಇದು 2022ರ ಮೇ ತಿಂಗಳ ಮಾತು. ಶಿರಸಿಯ ಕಡೆಯ ನಮ್ಮ ತೋಟದ ಮನೆಯಲ್ಲಿ ಅದಕ್ಕೂ ಮೊದಲು, ಅದಾದ ಮೇಲೆ, ಒಟ್ಟು ನಾಲ್ಕು ಬಗೆಯ ಕ್ಯಾಮೆರಾ ವ್ಯವಸ್ಥೆಗಳನ್ನು ಹಾಕಿ ನೋಡಿದ್ದೇನೆ: ಕೋಆಕ್ಸಿಯಲ್ (ಕೇಬಲ್ ಟಿವಿಯ ಬಗೆಯ) ಕೇಬಲಿನ ಹಳೆಯ ಡಿವಿಆರ್, ಜಗುಲಿಗೊಂದು ವೈಫೈ ಕ್ಯಾಮೆರಾ, ದಣಪೆಯ (ಬೇಲಿಯ ಬಾಗಿಲಿನ) ಬಳಿ ಸೌರಫಲಕದ 4ಜಿ ಕ್ಯಾಮೆರಾ, ಕೊನೆಗೆ ನೆಟ್‌ವರ್ಕ್ ಕೇಬಲಿನಲ್ಲಿ ಬರುವ ಚಿತ್ರ ದಾಖಲಿಸುವ ಎನ್‌ವಿಆರ್. ಮನೆಯಿಂದ ದಣಪೆಗೆ 60 ಮೀಟರ್, ಗೋದಾಮಾಗಿರುವ ಹಳೆಮನೆಗೆ ಸುಮಾರು 140 ಮೀಟರ್. ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೆಗಾಪಿಕ್ಸೆಲ್‌ಗಿಂತ ಹೆಚ್ಚಾಗಿ ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಇವೇ.

ಮೊದಲಿನದು ಡಿವಿಆರ್. 2019ರಲ್ಲಿ ಹಾಕಿಸಿದ್ದು, 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್, ಅಂಗಡಿಯವರು ತ್ರೀ ಪ್ಲಸ್ ಒನ್ ಎನ್ನುವ ಕೇಬಲ್. ಚಿತ್ರಕ್ಕೊಂದು ಕೋಆಕ್ಸ್, ಜೊತೆಗೆ ವಿದ್ಯುತ್ತಿಗೆ ತೆಳು ತಂತಿಗಳು, ಎಲ್ಲ ಒಂದೇ ಹೊದಿಕೆಯೊಳಗೆ. ಅಗ್ಗ, ಸರಳ. ಕೇಬಲಿನ ತುದಿಯ ಬಿಎನ್‌ಸಿ ಪಿನ್ ಸಡಿಲವಾದರೆ ಕತ್ತರಿ, ಸ್ಕ್ರೂಡ್ರೈವರ್ ಹಿಡಿದು ನಾವೇ ಸರಿಪಡಿಸಬಹುದು. ಕೋಆಕ್ಸಿನಲ್ಲಿ ಚಿತ್ರ ಇನ್ನೂರು, ಮುನ್ನೂರು ಮೀಟರ್ ದೂರಕ್ಕೂ ಆರಾಮವಾಗಿ ಹೋಗುತ್ತದೆ. ಹಾಗಾಗಿ 140 ಮೀಟರ್ ಅದಕ್ಕೆ ಲೆಕ್ಕವೇ ಅಲ್ಲ.

ಆದರೆ ಅದೇ ದೂರಕ್ಕೆ ವಿದ್ಯುತ್ತು ಅಷ್ಟು ಸಲೀಸಾಗಿ ಹೋಗುವುದಿಲ್ಲ. ಗೋದಾಮಿನ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿ ಓಡುತ್ತಿತ್ತು, ಸಂಜೆ ಕತ್ತಲಾಗುತ್ತಲೇ ಆರಿ ಹತ್ತಿ, ಆರಿ ಹತ್ತಿ ಆಡಲು ಶುರುಮಾಡುತ್ತಿತ್ತು. ಹಾಕಿದವನನ್ನು ಕರೆದರೆ ಹಗಲು ಬಂದು, ನೋಡಿ, "ಸರಿಯಾಗಿಯೇ ಇದೆಯಲ್ಲ ಭಟ್ಟರೇ" ಎಂದು ಹೋದ. ಒಂದು ರಾತ್ರಿ ನಾನೇ ಏಣಿ ಹತ್ತಿ ಮಲ್ಟಿಮೀಟರ್ ಹಿಡಿದೆ. ಮನೆಯಲ್ಲಿ 12 ವೋಲ್ಟ್ ಹೊರಟದ್ದು ಅಲ್ಲಿ 9ರ ಆಸುಪಾಸಿನಲ್ಲಿತ್ತು. ಕತ್ತಲಾದೊಡನೆ ಕ್ಯಾಮೆರಾದ ಸುತ್ತಲಿನ, ಕತ್ತಲಲ್ಲಿ ನೋಡಲು ಬೇಕಾದ ಅವಗೆಂಪು (ಇನ್‌ಫ್ರಾರೆಡ್) ದೀಪಗಳು ಹೊತ್ತಿಕೊಳ್ಳುತ್ತವೆ, ಹೆಚ್ಚು ಕರೆಂಟು ಎಳೆಯುತ್ತವೆ, ತೆಳು ತಂತಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಗೋದಾಮಿನಲ್ಲಿಯೇ ಒಂದು ಅಡಾಪ್ಟರ್ ಇಟ್ಟ ದಿನದಿಂದ ಆ ಕಾಟ ನಿಂತಿತು. ದೂರದ ಕ್ಯಾಮೆರಾ ಹಗಲು ನೆಟ್ಟಗಿದ್ದು ರಾತ್ರಿ ಕೈಕೊಡುತ್ತಿದ್ದರೆ ಕ್ಯಾಮೆರಾ ಬದಲಿಸುವ ಮೊದಲು ಇದನ್ನು ನೋಡಿ.

ಇನ್ನು ಆ ಆರು ದಿನದ ಲೆಕ್ಕ. ನಮ್ಮ ಡಿವಿಆರ್ ಎಚ್.264 ಎಂಬ ಹಳೆಯ ಸಂಕೋಚನ ವಿಧಾನದಲ್ಲಿ, ಕ್ಯಾಮೆರಾ ಒಂದಕ್ಕೆ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆಯುತ್ತಿತ್ತು. ಅಂದರೆ ದಿನಕ್ಕೆ 43 ಜಿಬಿ. ನಾಲ್ಕಕ್ಕೆ 170 ಜಿಬಿಗೂ ಮೇಲೆ. 1 ಟಿಬಿ ಆರು ದಿನ ಬಂದದ್ದೇ ಹೆಚ್ಚು. ಅಂಗಡಿಯಲ್ಲಿ "ಒಂದು ತಿಂಗಳು ಬರುತ್ತದೆ" ಎಂದಿದ್ದರು. ಲೆಕ್ಕ ಹಾಕಿ ತೋರಿಸಿ ಎಂದು ನಾನು ಕೇಳಿರಲಿಲ್ಲ. ಅದೂ ಸಾಲದೆಂಬಂತೆ ಒಳಗೆ ಹಾಕಿದ್ದು ಕಂಪ್ಯೂಟರಿನ ಸಾಮಾನ್ಯ ಡಿಸ್ಕ್. ಹಗಲು ರಾತ್ರಿ ಬಿಡದೆ ಬರೆಯುವ ಕೆಲಸಕ್ಕೆಂದೇ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವು ಬೇರೆಯೇ ಇವೆ ಎಂದು ನನಗೆ ತಿಳಿದದ್ದು ಮೊದಲಿನದು ಕಟಕಟ ಸದ್ದು ಮಾಡಿ ಸತ್ತ ಮೇಲೆ.

ವೈಫೈ ಕ್ಯಾಮೆರಾದ ವಿಷಯ ಬೇಗ ಮುಗಿಸುತ್ತೇನೆ. ಜಗುಲಿಯಲ್ಲಿಟ್ಟ, ತಲೆ ತಿರುಗಿಸುವ ಪುಟ್ಟ ಬುರುಡೆ. ಬೆಂಗಳೂರಿನಲ್ಲಿರುವ ತಮ್ಮ ಅದರಲ್ಲಿ ಆಯಿಯನ್ನು ಮಾತಾಡಿಸುತ್ತಾನೆ, ಅಷ್ಟಕ್ಕೆ ಬಹಳ ಒಳ್ಳೆಯದು. ಕಾವಲಿಗೆ ಮಾತ್ರ ಆಗದು. ದಾಖಲೆಯೆಲ್ಲ ಅದರ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿರುತ್ತದೆ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಿನಲ್ಲೇ ಹೋಯಿತು. ತಂತಿಯಿಲ್ಲದ್ದು ಎನ್ನುತ್ತಾರೆ, ಕರೆಂಟಿನ ತಂತಿ ಬೇಕೇ ಬೇಕು. ಮಣ್ಣಿನ ಗೋಡೆ ಎರಡು ದಾಟುವಷ್ಟರಲ್ಲಿ ರೂಟರಿನ ಸಂಕೇತ ಸೋತಿರುತ್ತದೆ. ಆಷಾಢದಲ್ಲಿ ಕರೆಂಟು ಹೋದಾಗ ಕ್ಯಾಮೆರಾ, ರೂಟರ್, ಫೈಬರ್ ಪೆಟ್ಟಿಗೆ ಮೂರೂ ಇನ್ವರ್ಟರಿನ ಮೇಲಿದ್ದರಷ್ಟೇ ಅದು ಬದುಕಿರುತ್ತದೆ.

ಸೌರಫಲಕದ 4ಜಿ ಕ್ಯಾಮೆರಾದ ಮೇಲೆ ನನಗೆ ಬಹಳ ಆಸೆಯಿತ್ತು. ದಣಪೆಯ ಕಂಬಕ್ಕೆ ಕಟ್ಟಿದರೆ ಆಯಿತು. ತಂತಿಯಿಲ್ಲ, ಅಗೆತವಿಲ್ಲ, ಸಿಡಿಲಿನ ಭಯ ಕಡಿಮೆ. ಆದರೆ ಇದು ಸದಾ ಎಚ್ಚರವಿರುವ ಕಾವಲುಗಾರನಲ್ಲ. ಬ್ಯಾಟರಿ ಉಳಿಸಲು ನಿದ್ದೆ ಮಾಡುತ್ತಿರುತ್ತದೆ, ಎದುರು ಮೈಬಿಸಿ ಇರುವ ಏನಾದರೂ ಚಲಿಸಿದರೆ ಸಂವೇದಕ ಎಬ್ಬಿಸುತ್ತದೆ. ಎದ್ದು ಕಣ್ಣು ಬಿಡುವಷ್ಟರಲ್ಲಿ ಬೈಕಿನವನು ದಾಟಿರುತ್ತಾನೆ. ನನ್ನ ಬಳಿ ಊರಿನ ಅರ್ಧ ಜನರ ಬೆನ್ನಿನ ಚಿತ್ರಗಳಿವೆ. ಮಂಗಗಳ ಚಿತ್ರಗಳು ಅದಕ್ಕೂ ಹೆಚ್ಚು. ಒಂದು ದಿನ ಮಂಗಗಳ ಹಿಂಡೊಂದು ನನಗೆ ಅರವತ್ತಕ್ಕೂ ಮಿಕ್ಕಿ ಎಚ್ಚರಿಕೆ ಕಳುಹಿಸಿತು; ಮರುದಿನ ನಾನು ಮೊಬೈಲಿನಲ್ಲಿ ಅದರ ಸದ್ದನ್ನೇ ಮುಚ್ಚಿಬಿಟ್ಟೆ. ಜೂನ್ ಹಿಡಿದ ಮಳೆ ಆಗಸ್ಟ್‌ವರೆಗೆ ಬಿಡದ ನಮ್ಮಲ್ಲಿ, ಅದೂ ಅಡಿಕೆ ಮರದ ನೆರಳಿನಲ್ಲಿ, ಸೌರಫಲಕಕ್ಕೆ ಹೊಟ್ಟೆ ತುಂಬುವುದಿಲ್ಲ. ಮೂರು ಬಾರಿ ಬಿಚ್ಚಿ ತಂದು ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿ ಬ್ಯಾಟರಿ ತುಂಬಿಸಿದ್ದೇನೆ. ಬಯಲುಸೀಮೆಯ ಬೋರ್‌ವೆಲ್ ಮನೆಗೆ, ಬಿಸಿಲು ಧಾರಾಳವಾಗಿರುವ ಕಡೆ ಇದು ಒದಗೀತು. ಮಲೆನಾಡಿಗೆ ಬೇಡ.

ಎನ್‌ವಿಆರ್‌ಗೆ ಹೋಗುವ ಮೊದಲು ಎರಡನೆಯ ಕಳ್ಳತನದ ಕಥೆ ಹೇಳಬೇಕು. 2023ರ ಫೆಬ್ರವರಿಯಲ್ಲಿ ಒಬ್ಬ ರಾತ್ರಿ ಅಂಗಳಕ್ಕೇ ಬಂದು, ಒಣಗಲು ಹರವಿದ್ದ ರಾಶಿಯಿಂದ ಚೀಲಕ್ಕೆ ತುಂಬಿಕೊಂಡು ಹೋದ. ಈ ಸಲ ಮರುದಿನವೇ ಗೊತ್ತಾಯಿತು, ದಾಖಲೆಯೂ ಸಿಕ್ಕಿತು. ಬಂದ, ಕುಳಿತ, ಗೋರಿದ, ಎದ್ದ, ಹೋದ. ಎಲ್ಲ ಇದೆ, ಮುಖವಿಲ್ಲ. ದೊಡ್ಡದು ಮಾಡಿದಷ್ಟೂ ಬೂದಿ ಬಣ್ಣದ ಚೌಕಗಳು. "ಬಿಳಿ ಅಂಗಿಯವನು" ಎಂದು ಆಯಿ ಹೇಳುತ್ತಲೇ ಇದ್ದಳು.

ಇದರ ಗುಟ್ಟು ತಿಳಿಯಲು ನಾನೇ ಕಳ್ಳನಾದೆ. ರಾತ್ರಿ ಒಂಬತ್ತಕ್ಕೆ ಅಂಗಳದ ದೀಪ ಆರಿಸಿ, ಕಪ್ಪು ಅಂಗಿ ತೊಟ್ಟು, ತಲೆಗೆ ಹಾಳೆಟೊಪ್ಪಿ, ಹೆಗಲಿಗೆ ಅರ್ಧ ಚೀಲ. ತಮ್ಮನ ಮಗಳು ಪರದೆಯ ಮುಂದೆ. ಟೇಪು ಹಿಡಿದು ಗುರುತು ಹಾಕಿದ್ದ ಜಾಗಗಳಲ್ಲಿ ನಾನು ನಿಲ್ಲುತ್ತ ಬರುವುದು, ಅವಳು ಒಳಗಿನಿಂದ ಕೂಗುವುದು. ಹನ್ನೆರಡು ಮೀಟರ್: "ಯಾರೋ ಇದ್ದಾರೆ ದೊಡ್ಡಪ್ಪಾ." ಆರು ಮೀಟರ್: "ಟೊಪ್ಪಿ ಕಾಣಿಸುತ್ತದೆ, ಮುಖ ಇಲ್ಲ." ಮೂರು ಮೀಟರ್: "ಈಗ ನೀವೇ. ಆದರೆ ಬಿಳಿ ಅಂಗಿ ಯಾವಾಗ ಹಾಕಿಕೊಂಡಿರಿ?" ಅವಗೆಂಪು ಬೆಳಕಿನಲ್ಲಿ ಎಷ್ಟೋ ಬಗೆಯ ಕಪ್ಪು ಬಣ್ಣ ಬೆಳ್ಳಗೆ ಕಾಣುತ್ತದೆ. ಬಿಳಿ ಅಂಗಿಯವರನ್ನೆಲ್ಲ ಆಯಿ ಹದಿನೈದು ದಿನ ಅನುಮಾನದಿಂದ ನೋಡಿದ್ದು ದಂಡ.

ಮೂರು ಮೀಟರಿನ ಹಿಂದೆ ಗಣಿತವಿದೆ. ಕ್ಯಾಮೆರಾ ವ್ಯವಸ್ಥೆಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ, ಅಪರಿಚಿತನ ಗುರುತು ಹಿಡಿಯಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಗೊತ್ತಿರುವವನೇ ಎಂದು ಹೇಳಲು 125. ಯಾರೋ ಇದ್ದಾರೆ ಎನ್ನಲು 25 ಸಾಕು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ನಮಗೆ ಹಾಕಿಕೊಟ್ಟದ್ದು 2.8 ಮಿಲಿಮೀಟರ್ ಲೆನ್ಸ್. ಸುಮಾರು ನೂರು ಡಿಗ್ರಿ ಅಗಲ ನೋಡುತ್ತದೆ. ಅಷ್ಟು ಅಗಲಕ್ಕೆ ಆ ಪಿಕ್ಸೆಲ್‌ಗಳನ್ನು ಹಂಚಿದರೆ ಮೂರು ಮೀಟರ್ ದಾಟುತ್ತಲೇ 250 ಮುಗಿದುಹೋಗುತ್ತದೆ. ಹನ್ನೆರಡು ಮೀಟರಿನಲ್ಲಿ ಒಬ್ಬನ ಇಡೀ ಮುಖಕ್ಕೆ ಸಿಗುವುದು ಹತ್ತು, ಹನ್ನೊಂದು ಚುಕ್ಕಿ. ಅದೇ ಲೆನ್ಸಿನ ಹಿಂದೆ 4 ಮೆಗಾಪಿಕ್ಸೆಲ್ ಕೂರಿಸಿದರೆ ಮೂರು ಹೋಗಿ ನಾಲ್ಕು ಮೀಟರ್ ಚಿಲ್ಲರೆ ಆಗುತ್ತದೆ, ಅಷ್ಟೇ. ಮೆಗಾಪಿಕ್ಸೆಲ್ ಹಾಗೇ ಬಿಟ್ಟು 6 ಮಿಲಿಮೀಟರ್ ಲೆನ್ಸ್ ಹಾಕಿದರೆ ಏಳೆಂಟು ಮೀಟರಿಗೆ ಹೋಗುತ್ತದೆ. ಎರಡನ್ನೂ ಬದಲಿಸಿದರೆ ಹತ್ತು. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ಮೆಗಾಪಿಕ್ಸೆಲ್, ಲೆನ್ಸಿನ ಅಳತೆ ಮೂಲೆಯಲ್ಲಿ ಇರುವೆಯಷ್ಟು. ಕೊಳ್ಳುವವರು ಓದಬೇಕಾದದ್ದು ಆ ಇರುವೆಯನ್ನು.

2024ರಲ್ಲಿ ಎನ್‌ವಿಆರ್ ತಂದಾಗ ಈ ಪಾಠವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. 4 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ: ಅಂಗಳ ಪೂರ್ತಿ ನೋಡಲು 2.8ರದು ಒಂದು, ಅಂಗಳಕ್ಕೆ ಕಾಲಿಡುವ ಮೆಟ್ಟಿಲಿಗೂ ದಣಪೆಗೂ ಗೋದಾಮಿನ ಬಾಗಿಲಿಗೂ 6ರದು ಒಂದೊಂದು. 2 ಟಿಬಿ ಡಿಸ್ಕ್. ಎಚ್.265 ಎಂಬ ಹೊಸ ಸಂಕೋಚನ ವಿಧಾನದಲ್ಲಿ ಕ್ಯಾಮೆರಾ ಒಂದಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಸಾಕಾಗುತ್ತಿದೆ, ಹಾಗಾಗಿ ದಾಖಲೆ 23 ದಿನ ಉಳಿಯುತ್ತದೆ. ಒಂದೇ ಕ್ಯಾಟ್ 6 ಕೇಬಲಿನಲ್ಲಿ ಚಿತ್ರವೂ ಕರೆಂಟೂ ಹೋಗುವ ಪಿಒಇ ವ್ಯವಸ್ಥೆ. 48 ವೋಲ್ಟಿನ ಆಸುಪಾಸಿನಲ್ಲಿ ಹೊರಡುವುದರಿಂದ ತಂತಿಯಲ್ಲಿ ಸ್ವಲ್ಪ ಬಿದ್ದರೂ ಕ್ಯಾಮೆರಾಕ್ಕೆ ಹಸಿವಾಗುವುದಿಲ್ಲ. ಹಳೆಯದಕ್ಕೆ ಕೂಲಿ ಸೇರಿ ನಾನು ಕೊಟ್ಟದ್ದು ಹದಿನೆಂಟು ಸಾವಿರ. ಇದಕ್ಕೆ ಮೂವತ್ತೈದು ದಾಟಿತು.

ಹೆಚ್ಚಾದ ದುಡ್ಡಿನಲ್ಲಿ ಒಂದು ಪಾಲು ಗೋದಾಮಿನದು. ನೆಟ್‌ವರ್ಕ್ ಕೇಬಲಿಗೆ 100 ಮೀಟರ್ ಎಲ್ಲೆ, ನಮ್ಮದು 140. ನಡುವೆ ಮರಕ್ಕೊಂದು ನೆಟ್‌ವರ್ಕ್ ಸ್ವಿಚ್ (ಸಂಕೇತವನ್ನು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಕಟ್ಟೋಣ ಎಂದ ಅಂಗಡಿಯವನ ಸಲಹೆಗೆ ನಾನು ಒಪ್ಪಲಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಹಳೆಯ ಡಿವಿಆರ್‌ನ ಒಂದು ಚಾನೆಲ್, ಎರಡು ಕ್ಯಾಮೆರಾ ಬಲಿಯಾದದ್ದನ್ನು ಕಂಡಿದ್ದೆ. ತೋಟದೊಳಗೆ ಎಳೆದ ಉದ್ದನೆಯ ತಾಮ್ರದ ತಂತಿ ಸಿಡಿಲಿಗೆ ಮನೆಯ ದಾರಿ ತೋರಿಸುತ್ತದೆ. ಆದ್ದರಿಂದ ಅಲ್ಲಿಗೆ ಲೋಹದ ತಂತಿಯಿಲ್ಲದ ಫೈಬರ್ ಎಳೆಸಿ ಎರಡು ತುದಿಗೂ ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಇಟ್ಟೆವು. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಸಿಡಿಲು ಹೋಗುವುದಿಲ್ಲ. ಎರಡು ಮಳೆಗಾಲ ಕಳೆದಿದೆ, ಆ ಕಡೆಯದು ಕೆಟ್ಟಿಲ್ಲ.

ಎನ್‌ವಿಆರ್‌ನ ತಾಪತ್ರಯ ಬೇರೆ ಜಾತಿಯದು. ಪಿನ್ ಸಡಿಲವಾದರೆ ಸರಿಪಡಿಸುವ ಕಾಲ ಹೋಯಿತು. ಐಪಿ ವಿಳಾಸ, ಪಾಸ್‌ವರ್ಡ್, ಫರ್ಮ್‌ವೇರ್ ಎಂದು ಪೇಟೆಯಿಂದ ಹುಡುಗನೇ ಬರಬೇಕು. ಮೊದಲು ಬಂದವನು ಊರಿನಲ್ಲಿ ತಾನು ಹಾಕಿದ ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದನೆಂದು ಮಾತಿನಲ್ಲಿ ಗೊತ್ತಾಯಿತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳನ್ನು ಯಾರೂ ಬದಲಿಸದ ಕಾರಣಕ್ಕೇ. ಆ ಹುಡುಗನ ಮಾತು ಕೇಳಿದ ರಾತ್ರಿಯೇ ನಮ್ಮದನ್ನು ಬದಲಿಸಿದೆ. ಈಗ ಕೊಳ್ಳುವವರಿಗೆ ಇನ್ನೊಂದು ಅನುಕೂಲವಿದೆ: ಕ್ಯಾಮೆರಾಗಳ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ ಕೇಂದ್ರ ಸರ್ಕಾರದ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಅರ್ಧ ಬೆಲೆಗೆ ಬಿಕರಿಯಾಗುವ ಹಳೆಯ ದಾಸ್ತಾನನ್ನು ಕಂಡರೆ ಈ ಪರೀಕ್ಷೆಯ ಬಗ್ಗೆ ಕೇಳಿ.

ಡಿವಿಆರ್, ಎನ್‌ವಿಆರ್ ಎರಡಕ್ಕೂ ಸಮಾನವಾದ ಶತ್ರು ಜೇಡ. ಕ್ಯಾಮೆರಾದ ಬಳಿ ಹುಳು ಬರುತ್ತದೆ, ಹುಳುವಿಗೆ ಜೇಡ ಬರುತ್ತದೆ, ಅದು ಲೆನ್ಸಿನ ಮುಂದೆಯೇ ನೇಯುತ್ತದೆ. ರಾತ್ರಿಯ ಚಿತ್ರದಲ್ಲಿ ಒಂದು ಎಳೆ ಹಗ್ಗದಷ್ಟು ದಪ್ಪ, ಹೊಳೆಯುವ ಬಿಳಿ. ಹದಿನೈದು ದಿನಕ್ಕೊಮ್ಮೆ ಕೋಲಿಗೆ ಪೊರಕೆ ಕಟ್ಟಿ ಗುಡಿಸುವುದಲ್ಲದೆ ಬೇರೆ ಮದ್ದು ನನಗೆ ಸಿಕ್ಕಿಲ್ಲ. ಕತ್ತಲಲ್ಲೂ ಬಣ್ಣ ತೋರಿಸಲು ಬೆಳ್ಳನೆಯ ದೀಪ ಹಚ್ಚುವ ಕ್ಯಾಮೆರಾ ಒಂದನ್ನು ಮೆಟ್ಟಿಲ ಬಳಿ ಹಾಕಿದೆ. ಅಂಗಿಯ ಬಣ್ಣ ಈಗ ಸರಿಯಾಗಿ ಗೊತ್ತಾಗುತ್ತದೆ, ಆದರೆ ಮೊದಲ ಮಳೆಗೆ ರೆಕ್ಕೆ ಹುಳು ಎದ್ದ ಸಂಜೆ ಅದರಲ್ಲಿ ಹಿಮಪಾತವೇ ಕಾಣಿಸಿತು.

ಗಡಿಯಾರವನ್ನು ಮರೆಯುತ್ತಿದ್ದೆ. ಎರಡನೆಯ ಕಳ್ಳತನದ ದೂರು ಕೊಡುವಾಗ ನಮ್ಮ ಡಿವಿಆರ್ 47 ನಿಮಿಷ ಹಿಂದಿತ್ತು. ದೃಶ್ಯದ ಮೇಲೆ ಬರೆದದ್ದು ಒಂದು ಹೊತ್ತು, ನಾಯಿ ಬೊಗಳಿದ್ದು ಕೇಳಿ ಆಯಿ ಎದ್ದದ್ದು ಇನ್ನೊಂದು ಹೊತ್ತು. ಇದನ್ನು ವಿವರಿಸುವಷ್ಟರಲ್ಲಿ ನಾವೇ ಸುಳ್ಳುಗಾರರಂತಾದೆವು. ಎನ್‌ವಿಆರ್ ಅಂತರ್ಜಾಲದಿಂದ ತಾನೇ ಹೊತ್ತು ಸರಿಪಡಿಸಿಕೊಳ್ಳುತ್ತದೆ, ಆದರೆ ಆ ಆಯ್ಕೆಯನ್ನು ಹೋಗಿ ಒತ್ತಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ಕೊಡಬೇಕು. ಹಾಗಾಗಿ ಮೊಬೈಲಿನಿಂದ ಪರದೆಯ ಚಿತ್ರ ಹಿಡಿದು ವಾಟ್ಸ್ಆ್ಯಪ್ ಮಾಡಿ ಕುಳಿತುಕೊಳ್ಳಬೇಡಿ; ಯಂತ್ರದಿಂದಲೇ ಪೆನ್‌ಡ್ರೈವಿಗೆ ಇಳಿಸಿ, ಮೂಲ ಡಿಸ್ಕನ್ನು ಹಾಗೇ ಇಡಿ.

ಹೊಸದಾಗಿ ಹಾಕಿಸುವ ನೆಂಟರಿಗೆ ನಾನು ಈಗ ಹೇಳುವುದು: ಎಲ್ಲ ಕ್ಯಾಮೆರಾಗಳೂ ನೂರು ಮೀಟರಿನೊಳಗಿದ್ದರೆ ಯೋಚಿಸದೆ ಎನ್‌ವಿಆರ್. ಕೋಆಕ್ಸ್ ಈಗಾಗಲೇ ಎಳೆದು ಚೆನ್ನಾಗಿದ್ದರೆ ಕೀಳಬೇಡಿ, ಎಚ್.265 ಇರುವ ಹೊಸ ಡಿವಿಆರ್, ದೊಡ್ಡ ಡಿಸ್ಕ್, ಬಾಗಿಲಿಗೊಂದು 6ರ ಲೆನ್ಸ್ ಸಾಕು. ಅರ್ಧ ದುಡ್ಡಿನಲ್ಲಿ ಮುಕ್ಕಾಲು ಕೆಲಸವಾಗುತ್ತದೆ.

ನಮ್ಮ ಹಳೆಯ ಡಿವಿಆರ್ ಗುಜರಿಗೆ ಹೋಗಲಿಲ್ಲ. ಉಳಿದಿದ್ದ ಒಂದು ಕ್ಯಾಮೆರಾವನ್ನು ಕೊಟ್ಟಿಗೆಗೆ ತಿರುಗಿಸಿ, ಹಳೆಯ ಟಿವಿಗೆ ಜೋಡಿಸಿ ಆಯಿಯ ಮಂಚದ ಎದುರು ಇಟ್ಟಿದ್ದೇವೆ. ಗಬ್ಬದ ಆಕಳು ಎದ್ದಿತೋ ಮಲಗಿತೋ ಎಂದು ನಡುರಾತ್ರಿ ಛಳಿಯಲ್ಲಿ ಟಾರ್ಚು ಹಿಡಿದು ಹೋಗುವುದು ತಪ್ಪಿದೆ. ಗಡಿಯಾರ ಅದರಲ್ಲಿ ಈಗಲೂ ತಪ್ಪೇ ಇದೆ, ಆಕಳಿಗೂ ಆಯಿಗೂ ಅದರಿಂದ ತೊಂದರೆಯಿಲ್ಲ.