ಚೊಗರು, ಇಳಕಲ್ಲು ಮತ್ತು ಇನ್ನೊಂದು ‘ಕೈಮಗ್ಗ’: ಮಳೆಗಾಲದಲ್ಲಿ ಉಟ್ಟು ನೋಡಿದ್ದು

ಸೀರೆ ಅಂಗಡಿಯ ದೀಪದ ಕೆಳಗೆ ಎಲ್ಲ ಸೀರೆಯೂ ಚೆಂದವೇ. ಅದರ ಯೋಗ್ಯತೆ ಗೊತ್ತಾಗುವುದು ಮಲೆನಾಡಿನ ನಮ್ಮ ಸಾಗರ ಊರಿನ ಜುಲೈ ತಿಂಗಳಲ್ಲಿ. ಒಗೆದು ಮೂರು ದಿನವಾದರೂ ಬಟ್ಟೆ ಒಣಗುವುದಿಲ್ಲ. ಕೊನೆಗೆ ಬಚ್ಚಲೊಲೆಯ ಮೇಲಿನ ಬಿದಿರು ಗಳಕ್ಕೆ ಹಾಕಬೇಕು. ಮಾರನೇ ದಿನ ಹೊಗೆ ವಾಸನೆ ಹೊತ್ತುಕೊಂಡೇ ಕೆಲಸಕ್ಕೆ ಹೋಗಬೇಕು.

ಕಳೆದ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಮೂರು ಸೀರೆಗಳನ್ನು ಸರದಿ ಮೇಲೆ ಉಟ್ಟೆ. ನಾನು ಪ್ರೌಢಶಾಲೆ ಟೀಚರ್. ಬಸ್ಸಿಳಿದು ಅರ್ಧ ಮೈಲಿ ನಡಿಗೆ, ಕೆಸರು, ಸೀಮೆಸುಣ್ಣದ ಪುಡಿ ಎಲ್ಲ ಇದ್ದದ್ದೇ. ನಿಯಮ ಎರಡೇ: ಮೂರನ್ನೂ ಮನೆಯಲ್ಲೇ ಒಗೆಯಬೇಕು, ಇಸ್ತ್ರಿಗೆ ಹೊರಗೆ ಕೊಡಬಾರದು. ನಮ್ಮ ಶಾಲೆಗೆ ಹೊಸದಾಗಿ ಬಂದ ಹುಡುಗಿ, “ಮೇಡಂ, ಇದಕ್ಕೆ ಸ್ಲೋ ಫ್ಯಾಷನ್ ಅಂತಾರೆ” ಅಂದಳು. ನಮ್ಮ ಕಡೆ ಬಟ್ಟೆ ಒಣಗುವ ಲೆಕ್ಕ ನೋಡಿದರೆ ಎಲ್ಲ ಫ್ಯಾಷನ್ನೂ ಸ್ಲೋನೇ.

ಮೊದಲನೆಯದು ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ ಹಾಕಿದ ಕೈಮಗ್ಗದ ಹತ್ತಿ ಸೀರೆ, 2,100 ರೂಪಾಯಿ. ಎರಡನೆಯದು ಇಳಕಲ್ ಸೀರೆ, 3,400. ಮೂರನೆಯದು ಶಿವಮೊಗ್ಗದ ಒಂದು ಮಾರಾಟ ಮೇಳದಲ್ಲಿ “ಪ್ಯೂರ್ ಹ್ಯಾಂಡ್‌ಲೂಮ್ ಅಕ್ಕಾ, ಕಣ್ಮುಚ್ಚಿ ತಗೊಳ್ಳಿ” ಎಂದು ಕೊಟ್ಟದ್ದು, 850. ನಾನು ಕಣ್ಣು ಮುಚ್ಚಿಯೇ ತಗೊಂಡೆ.

ಮೈಸೂರು ಸಿಲ್ಕ್ ಯಾಕಿಲ್ಲ ಅಂತ ಕೇಳಬಹುದು. ಮಳೆಯಲ್ಲಿ ಅದನ್ನು ಉಡುವಷ್ಟು ಧೈರ್ಯ ನನಗಿಲ್ಲ. ಅಲ್ಲದೆ ಅದು ಕೈಮಗ್ಗದ್ದೂ ಅಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ ಯಂತ್ರದ ಮಗ್ಗದ ಮೇಲೆ ನೇಯುವಂಥದ್ದು. ಹಾಗಂತ ಅದರ ಗತ್ತೇನೂ ಕಡಿಮೆಯಾಗಿಲ್ಲ. ಕೈಮಗ್ಗವಾದರೆ ಒಳ್ಳೆಯದು, ಯಂತ್ರವಾದರೆ ಕೆಟ್ಟದ್ದು ಅನ್ನುವ ಸುಲಭದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಒಂದನ್ನು ಇನ್ನೊಂದು ಅಂತ ಹೇಳಿ ಮಾರಬಾರದು, ಅಷ್ಟೇ.

ಚೊಗರಿನ ಸೀರೆ ನೋಡಿ ನಮ್ಮತ್ತೆ ನಕ್ಕಿದ್ದೇ ನಕ್ಕಿದ್ದು. “ಎಂತ ಮಾರಾಯ್ತಿ ಇದು? ಈ ಕರೆ ಹೋಗ್ಲಿ ಅಂತ ನಾವು ನಲ್ವತ್ತು ವರ್ಷ ಬಟ್ಟೆ ಒಗೆದ್ವಿ. ನೀನು ದುಡ್ಡು ಕೊಟ್ಟು ತಂದ್ಯಾ?”

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ನಮ್ಮ ಮನೆಗಳಲ್ಲಿ ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಉಳಿಯುವ ಕೆಂಪು ಮಂದ ನೀರೇ ಚೊಗರು. ಅದನ್ನು ಚೆಲ್ಲುವುದಿಲ್ಲ. ಮುಂದಿನ ಸಲದ ಅಡಿಕೆಗೆ ಹಾಕಿದರೆ ಒಳ್ಳೆ ಬಣ್ಣ, ಹೊಳಪು ಬರುತ್ತದೆ. ಆದರೆ ಬಟ್ಟೆಗೆ ಬಿದ್ದರೆ ಮುಗಿಯಿತು. ಅಡಿಕೆ ಸುಲಿಯಲು ಬರುವವರ ಕೈ ಹೊಂಗೆ ಎಣ್ಣೆ ಹಚ್ಚಿದರೂ ಕಪ್ಪು, ಸೀರೆಯಂತೂ ಕೇಳುವುದೇ ಬೇಡ. ಹಾಗಾಗಿ ಪ್ರತಿ ಮನೆಯಲ್ಲೂ ‘ಅಡಿಕೆ ಸೀರೆ’ ಅಂತ ಒಂದು ಹಳೇದು ಬೇರೆಯೇ ಇರುತ್ತದೆ. ಹೋಗುವುದೇ ಇಲ್ಲ ಎಂದು ನಾವು ಬೈಯುವ ಈ ಕರೆಯೇ ಬಣ್ಣ ಹಾಕುವವರಿಗೆ ಬಂಡವಾಳ. ಗಟ್ಟಿ ಬಣ್ಣ ಅಂದರೆ ಹೋಗದ ಕರೆ ತಾನೇ?

ನಮ್ಮ ತಾಲ್ಲೂಕಿನಲ್ಲಿ ಈ ಯೋಚನೆಯನ್ನು ಬಟ್ಟೆ ಮಾಡಿ ತೋರಿಸಿದ್ದು ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿರುವ ಚರಕ. ರಂಗ ನಿರ್ದೇಶಕ ಪ್ರಸನ್ನ 1990ರ ದಶಕದಲ್ಲಿ ಹಳ್ಳಿ ಹೆಂಗಸರನ್ನು ಸೇರಿಸಿ ಕಟ್ಟಿದ ಸಹಕಾರ ಸಂಘ ಅದು. ಅಲ್ಲಿ ಕೈಮಗ್ಗದ ನೂಲಿಗೆ ಚೊಗರು, ನೀಲಿಯಂಥ ಸಹಜ ಬಣ್ಣಗಳನ್ನೇ ಹಾಕುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಹಾಕಬೇಡಿ ಎಂದು ಪ್ರಸನ್ನ ಉಪವಾಸ ಕೂತಿದ್ದು ನಮ್ಮ ಕಡೆ ದೊಡ್ಡ ಸುದ್ದಿಯಾಗಿತ್ತು. ಕೈಮಗ್ಗದ ಸೀರೆಗೆ ಎರಡು ಸಾವಿರ ಯಾಕೆ ಅಂತ ಚೌಕಾಸಿ ಮಾಡಲು ಬಾಯಿ ತೆರೆದಾಗಲೆಲ್ಲ ನನಗೆ ಆ ಉಪವಾಸ ನೆನಪಾಗುತ್ತದೆ. ಆದರೂ ಚೌಕಾಸಿ ಮಾಡುತ್ತೇನೆ, ಅದು ಬೇರೆ ಮಾತು.

ಹೊಸದರಲ್ಲಿ ನನ್ನ ಸೀರೆಯ ಬಣ್ಣ ಕಾಫಿಗೆ ಹಾಲು ಜಾಸ್ತಿ ಆದ ಹಾಗಿತ್ತು. ಮೊದಲ ಸಲವೇ ಎಡವಟ್ಟು ಮಾಡಿದೆ. ಮಾಮೂಲಿ ಸೋಪಿನ ಪುಡಿಯಲ್ಲಿ ನೆನೆಸಿಟ್ಟೆ. ಅರ್ಧ ಗಂಟೆಗೆ ಬಂದು ನೋಡಿದರೆ ನೀರು ಕೆಂಪು, ಸೆರಗೂ ಸ್ವಲ್ಪ ಕೆಂಪು. ಗಾಬರಿಯಾಯಿತು. ಅತ್ತೆ ಇಣುಕಿ ನೋಡಿ, “ಎಲೆ ಅಡಿಕೆಗೆ ಸುಣ್ಣ ತಾಗಿದ್ರೆ ಬಾಯಿ ಕೆಂಪಾಗಲ್ವಾ? ಹಾಗೇ” ಅಂದರು. ವಿಜ್ಞಾನ ಟೀಚರ್ ನಾನು. ನನಗೆ ಹೊಳೆದಿರಲಿಲ್ಲ. ಸೋಪಿನ ಪುಡಿಯಲ್ಲಿ ಸೋಡಾ ಇರುತ್ತದೆ. ಸುಣ್ಣ ಮಾಡುವ ಕೆಲಸವನ್ನೇ ಅದೂ ಮಾಡಿತ್ತು. ಅವತ್ತಿಂದ ಅಂಟುವಾಳಕಾಯಿ ನೀರಲ್ಲಿ ಒಗೆದೆ. ಬಣ್ಣ ಅಲ್ಲಿಗೆ ನಿಂತಿತು.

ಇಳಕಲ್ ಸೀರೆಯನ್ನು ಬಾದಾಮಿ, ಐಹೊಳೆ ಕಡೆ ಪ್ರವಾಸ ಹೋದಾಗ ನೇಕಾರರೊಬ್ಬರ ಮನೆಯಲ್ಲೇ ಕೊಂಡಿದ್ದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಲ್ಲಿ ಕುಣಿ ಮಗ್ಗದ ಸದ್ದು ಬೀದಿಗೇ ಕೇಳಿಸುತ್ತದೆ. ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ಬಿಳಿಯ ತೆನೆಗಳು. ಒಡಲು ಹತ್ತಿ. ಒಡಲಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಮಗ್ಗದ ಮುಂದೆ ಕೂತು ಅದನ್ನು ನೋಡಿದೆ. ಒಂದು ಹಾಸಿನಲ್ಲಿ ಸಾಲಾಗಿ ಹತ್ತು ಸೀರೆ ನೇಯ್ದು ಕತ್ತರಿಸುವಂತಿಲ್ಲ, ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಅಲ್ಲಿ ನಾನು ಚೌಕಾಸಿ ಮಾಡಲಿಲ್ಲ.

ಚೆಂದಕ್ಕೆ ಮೂರರಲ್ಲಿ ಇದೇ ಮೊದಲು, ಅನುಮಾನವೇ ಇಲ್ಲ. ಆದರೆ ಇದು ಬಯಲುಸೀಮೆ ಬಿಸಿಲಿನ ಸೀರೆ. ಹೊಸ ಹೊಳಪು ಹೋಗಬಾರದು ಅಂತ ಒಗೆಯದೆ ಕಪಾಟಿನಲ್ಲಿಟ್ಟಿದ್ದೆ. ಜುಲೈ ಮಧ್ಯೆ ತೆಗೆದರೆ ಮಡಿಕೆಯ ಉದ್ದಕ್ಕೂ ಬೂಸು. ನೇಯುವಾಗ ಹಾಸಿನ ಎಳೆಗಳಿಗೆ ಗಂಜಿ ಹಚ್ಚಿರುತ್ತಾರೆ, ಎಳೆ ತುಂಡಾಗದೆ ಇರಲಿ ಅಂತ. ಒಗೆಯದ ಸೀರೆಯಲ್ಲಿ ಅದು ಹಾಗೇ ಉಳಿದಿರುತ್ತದೆ. ನಮ್ಮ ಕಡೆಯ ಬೂಸಿಗೆ ಅದೇ ಊಟ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಗಂಜಿ ಹಾಕಿದ ಬಟ್ಟೆ ಒಳಗಿಡಬಾರದು ಅಂತ ಅಜ್ಜಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ತಣ್ಣೀರಲ್ಲಿ ಒಗೆದ ಮೇಲೆ ಬೂಸು ಹೋಯಿತು. ಜೊತೆಗೆ ಸೆರಗಿನ ಕೆಂಪು ಒಂಚೂರು ಒಡಲಿಗೆ ಇಳಿಯಿತು. ಒಣಗಲು ನಾಲ್ಕು ದಿನ. ನಾಲ್ಕು ತಿಂಗಳಲ್ಲಿ ಅದನ್ನು ಉಟ್ಟದ್ದು ಬರೀ ಐದು ಸಲ. ಅದರಲ್ಲಿ ಎರಡು ಸಲ ಮದುವೆಗೆ.

ಈಗ ಆ ‘ಪ್ಯೂರ್ ಹ್ಯಾಂಡ್‌ಲೂಮ್’. ಒಂದೇ ರಾತ್ರಿಗೆ ಒಣಗಿತು! ಮೂರನೇ ಸಲವೂ ಹಾಗೇ ಆದಾಗ ಅನುಮಾನ ಬಂತು. ಹತ್ತಿ ಹೀಗೆ ಒಣಗುವುದಿಲ್ಲ. ಅಂಚಿನ ಒಳಗಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಇದು ಕರಗಿ, ತುದಿಯಲ್ಲಿ ಸಾಸಿವೆಯಂಥ ಗಟ್ಟಿ ಉಂಡೆಯಾಯಿತು. ಪಾಲಿಯೆಸ್ಟರ್ ಬೆರಕೆ. ಹ್ಯಾಂಡ್‌ಲೂಮ್ ಮಾರ್ಕ್ ಅಂತ 2006ರಿಂದ ಒಂದು ಸರ್ಕಾರಿ ಗುರುತು ಇದೆ. ಸೀರೆಯ ಮೂಲೆ ಮೂಲೆ ಹುಡುಕಿದೆ. ಅದೂ ಇರಲಿಲ್ಲ. ಕೊಳ್ಳುವಾಗ ಹುಡುಕಬೇಕಿತ್ತು, ನಿಜ.

ಈ ಗೊಂದಲ ಬರಲು ನಾವು ಪದಗಳನ್ನು ಸಡಿಲವಾಗಿ ಬಳಸುವುದೂ ಕಾರಣ. ಖಾದಿ ಅಂದರೆ ಕೈಯಲ್ಲೇ ನೂತ ನೂಲು, ಕೈಯಲ್ಲೇ ನೇಯ್ದದ್ದು. ಕೈಮಗ್ಗದ ಬಟ್ಟೆಯಲ್ಲಿ ನೂಲು ಗಿರಣಿಯದಿರಬಹುದು, ನೇಯ್ಗೆ ಮಾತ್ರ ಕೈಯದು. ಪವರ್‌ಲೂಮಿನಲ್ಲಿ ಲಾಳಿ ಓಡಿಸುವುದು ಕರೆಂಟು. ಅಂಗಡಿಯಲ್ಲಿ ಮಾತ್ರ ಸ್ವಲ್ಪ ದೊರಗಾಗಿದ್ದ ಬಟ್ಟೆಯೆಲ್ಲ ‘ಹ್ಯಾಂಡ್‌ಲೂಮ್’.

ಆದರೂ ಮೋಸದ ಸೀರೆ ಮಳೆಯ ಪರೀಕ್ಷೆಯಲ್ಲಿ ಗೆದ್ದಿತು ಅಂತ ಒಪ್ಪಿಕೊಳ್ಳಬೇಕು. ಹದಿನೈದು ಸಲ ಉಟ್ಟೆ. ಆಗಸ್ಟ್ ಹೊತ್ತಿಗೆ ತೊಡೆಯ ಹತ್ತಿರ, ಬ್ಯಾಗು ಉಜ್ಜುವ ಕಡೆ, ಸಣ್ಣ ಸಣ್ಣ ಉಂಡೆ ಎದ್ದವು. ಸೆಪ್ಟೆಂಬರ್‌ಗೆ ಅದು ನೆಲ ಒರೆಸುವ ಬಟ್ಟೆಯ ಹಾಗೆ ಕಾಣತೊಡಗಿತು. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಹಾಗಾಗಿ ನೆಲ ಒರೆಸಲೂ ಬರಲಿಲ್ಲ.

ಮಳೆಗೆ ಅಂತಲೇ ಇರುವ ನಮ್ಮ ಕಡೆಯ ಉಡುಪು ಸೀರೆಯಲ್ಲ, ಕಂಬಳಿ ಕೊಪ್ಪೆ. ಗದ್ದೆ ಕೆಲಸಕ್ಕೆ ಈಗಲೂ ಕೆಲವರು ಅದನ್ನೇ ಹೊದೆಯುತ್ತಾರೆ. ಕುರಿ ಉಣ್ಣೆಯ ಕಂಬಳಿಗೆ ಹುಣಸೆ ಬೀಜದ ಅಂಟು ಬಳಿದು ಗಟ್ಟಿ ಮಾಡಿರುತ್ತಾರೆ. ಒದ್ದೆಯಾದರೂ ಬೆಚ್ಚಗಿರುತ್ತದೆ. ನನ್ನ 600 ರೂಪಾಯಿಯ ರೇನ್‌ಕೋಟಿನ ಒಳಗೆ ಮಳೆ ಬರುವುದಿಲ್ಲ, ಆದರೆ ಬೆವರಿಗೇ ಒದ್ದೆಯಾಗುತ್ತೇನೆ. ಕಂಬಳಿ ಹೊದ್ದು ಶಾಲೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಓಲೆಗಳ ಕಥೆಯೂ ಹೆಚ್ಚು ಕಡಿಮೆ ಹೀಗೇ. ಟೆರಾಕೋಟಾ ಜುಮುಕಿ ಹಗುರ, ಚೆಂದ. ಕೊಡೆ ಮಡಿಸುವಾಗ ಕಡ್ಡಿ ತಾಗಿ ಒಂದು ಚೂರಾಯಿತು. ಆನ್‌ಲೈನಲ್ಲಿ ತರಿಸಿದ ‘ಜರ್ಮನ್ ಸಿಲ್ವರ್’ ಓಲೆ ಒಂದು ವಾರಕ್ಕೆ ಕಿವಿ ತುರಿಸಿತು. ಹೆಸರಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ಸತು, ನಿಕ್ಕಲ್ ಬೆರೆಸಿದ ಲೋಹ ಅದು, ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಉಳಿದದ್ದು ನಮ್ಮೂರ ಅಕ್ಕಸಾಲಿ ಮಾಡಿಕೊಟ್ಟ ಬೆಳ್ಳಿ ಓಲೆ. ಮಳೆಗಾಲಕ್ಕೆ ಕಪ್ಪಾಗುತ್ತದೆ, ವಿಭೂತಿ ಹಚ್ಚಿ ತಿಕ್ಕಿದರೆ ಮತ್ತೆ ಬೆಳ್ಳಗೆ. ಕೊಕ್ಕೆ ಸಡಿಲವಾದಾಗ ಒಯ್ದರೆ ಹತ್ತು ನಿಮಿಷದಲ್ಲಿ ಬೆಸುಗೆ ಹಾಕಿ, “ದುಡ್ಡು ಬೇಡ ಟೀಚರೇ, ಕೂತ್ಕೊಳ್ಳಿ” ಅಂದರು. ತೂಕಕ್ಕೆ ಈಗ ಬ್ಯಾಟರಿ ತಕ್ಕಡಿ ಇದ್ದರೂ, ಅವರ ಅಪ್ಪನ ಕಾಲದ ಗುಲಗಂಜಿಗಳು ಒಂದು ಡಬ್ಬಿಯಲ್ಲಿವೆ. ಕೆಂಪು ಮೈ, ಕಪ್ಪು ಚುಕ್ಕೆ. ಹಿಂದೆ ಅವೇ ತೂಕದ ಕಲ್ಲು.

ಕೊಕ್ಕೆ ಸರಿಯಾದ ದಿನ ದಾರಿಯುದ್ದಕ್ಕೂ ಚೊಗರಿನ ಸೀರೆಯದೇ ಯೋಚನೆ. ಅದಕ್ಕೆ ಆಗಲೇ ದೊಡ್ಡ ಪೆಟ್ಟು ಬಿದ್ದಿತ್ತು. ಒಂದು ಸಂಜೆ ತೊಪ್ಪೆಯಾಗಿ ಬಂದವಳು ಸೀರೆ ಬಿಚ್ಚಿ ಹಾಗೇ ಗಳಕ್ಕೆ ಹಾಕಿದ್ದೆ. ಭುಜದ ಪಿನ್ನು ಅದರಲ್ಲೇ ಇತ್ತು. ಎರಡು ದಿನಕ್ಕೆ ಪಿನ್ನಿಗೆ ತುಕ್ಕು, ಸೀರೆಯ ಮೇಲೆ ಶಾಯಿ ಚೆಲ್ಲಿದಂಥ ಕಪ್ಪು ಕಲೆ. ನಿಂಬೆಹುಳಿ ಹಚ್ಚಿದೆ. ಕಲೆಯ ಸುತ್ತಲಿನ ಬಣ್ಣ ತಿಳಿಯಾಯಿತು, ಕಲೆ ಇನ್ನೂ ಎದ್ದು ಕಂಡಿತು.

ಬಣ್ಣ ಹಾಕುವ ಕೆಲಸ ಗೊತ್ತಿರುವ ಹೆಂಗಸೊಬ್ಬರು ಹತ್ತಿರದಲ್ಲೇ ಇದ್ದಾರೆ. ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಚೊಗರಿಗೆ ಪಟಿಕ ಸೇರಿಸಿದರೆ ಕಂದು, ಕಬ್ಬಿಣ ತಾಗಿಸಿದರೆ ಕಪ್ಪು. ಅವರು ಬೇಕಂತಲೇ ಮಾಡುವುದನ್ನು ನನ್ನ ಪಿನ್ನು ತಾನಾಗಿ ಮಾಡಿತ್ತು. “ಕರೆ ತೆಗೆಯಕ್ಕೆ ಆಗಲ್ಲ ಟೀಚರೇ. ಬೇಕಾದ್ರೆ ಪೂರ್ತಿ ಸೀರೆಗೇ ಕರೆ ಮಾಡಿ ಕೊಡ್ತೀನಿ” ಅಂದರು. ತುಕ್ಕು ಹಿಡಿದ ಮೊಳೆ, ಲಾಳಗಳನ್ನು ಬೆಲ್ಲದ ನೀರಲ್ಲಿ ವಾರಗಟ್ಟಲೆ ನೆನೆಹಾಕಿದ ಡ್ರಮ್ಮು ಮೂಲೆಯಲ್ಲಿತ್ತು. ಅದರ ತಿಳಿಯಲ್ಲಿ ಸೀರೆ ಅದ್ದಿದರು, ಸ್ವಲ್ಪ ಹೊತ್ತು ಮಾತ್ರ. ಕಬ್ಬಿಣ ಜಾಸ್ತಿಯಾದರೆ ನೂಲು ಬೇಗ ಲಡ್ಡಾಗುತ್ತದಂತೆ. ಹಾಲು ಜಾಸ್ತಿಯಾದ ಕಾಫಿ ನನ್ನ ಕಣ್ಣೆದುರೇ ಮಳೆಮೋಡದ ಬಣ್ಣಕ್ಕೆ ತಿರುಗಿತು. ಕಲೆ ಎಲ್ಲಿತ್ತು ಅಂತ ಈಗ ನಾನೇ ಹುಡುಕಬೇಕು. 200 ರೂಪಾಯಿ ತಗೊಂಡರು.

ಹಾಗಾಗಿ ನನ್ನ ಲೆಕ್ಕ ಹೀಗೆ. ಬರೀ ಒಣಗುವುದೇ ಮುಖ್ಯ ಅನ್ನುವವರು 850ರ ಸೀರೆಯನ್ನೇ ತಗೊಳ್ಳಿ, ಆದರೆ ಪವರ್‌ಲೂಮ್ ಅಂತ ಗೊತ್ತಿದ್ದೇ ತಗೊಳ್ಳಿ, ಬೆಲೆ ಇನ್ನೂ ಇಳಿಸಿ. ಇಳಕಲ್ಲಿಗೆ ಮಳೆಗಾಲ ಬೇಡ. ದೀಪಾವಳಿಯ ನಂತರ ಉಡಿ, ಮೇ ಕೊನೆಗೆ ಒಗೆದು, ಚೆನ್ನಾಗಿ ಬಿಸಿಲು ತೋರಿಸಿ ಒಳಗಿಡಿ. ವಾರಕ್ಕೊಮ್ಮೆ ಕೈ ಹೋಗುವುದು ಮಾತ್ರ ಆ ಬೂದು ಸೀರೆಗೇ. ಒಣಗಲು ಎರಡೂವರೆ ದಿನ ಹಿಡಿದರೂ ಹದಿನಾಲ್ಕು ಸಲ ಉಟ್ಟೆ. ಕೆಟ್ಟರೆ ಯಾರ ಬಾಗಿಲು ತಟ್ಟಬೇಕು ಅಂತ ಗೊತ್ತಿರುವ ಸೀರೆ ಅದೊಂದೇ. ಪಿನ್ನು ಈಗ ಹಿತ್ತಾಳೆಯದು.

ಕಾರ್ತೀಕದಲ್ಲಿ ಅಡಿಕೆ ಸುಲಿತ ಶುರುವಾಯಿತು. ಒಂದು ಸಂಜೆ ಅತ್ತೆ ಕೊಟ್ಟಿಗೆ ಪಕ್ಕದ ಹಗ್ಗದಿಂದ ತಮ್ಮ ಹಳೇ ಅಡಿಕೆ ಸೀರೆ ತಂದು ನನ್ನ ಮುಂದೆ ಹಾಕಿದರು. ಒಂದು ಕಾಲಕ್ಕೆ ತಿಳಿಹಳದಿ ಇದ್ದಿರಬೇಕು. ಈಗ ಮೈಯೆಲ್ಲ ಕರೆ.

“ಇದಕ್ಕೆ ಚೊಗರು ಆಗಲೇ ಕುಡಿಸಿ ಆಗಿದೆ” ಅಂದರು. “ಬರೀ ಕಬ್ಬಿಣದ ನೀರಿಗೆ ಎಷ್ಟು ತಗೋತಾಳೆ ಕೇಳು. ನೂರಕ್ಕೆ ಆಗ್ತದಾ ನೋಡು.”