ಕಾರಿನ ಕೂಲೆಂಟ್, ಆಯಿಲ್ ಬಿಸಿ ಅಳೆಯಲು ಯಾವ ಸೆನ್ಸರ್? ನಾಲ್ಕನ್ನು ಒಟ್ಟಿಗೆ ಹಾಕಿ ನೋಡಿದೆ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನೋಡಿ ಇಂಜಿನ್ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಎಷ್ಟೋ ಕಾರುಗಳಲ್ಲಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) 80 ಡಿಗ್ರಿ ಇದ್ದರೂ 100 ಇದ್ದರೂ ಅದು ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಓಬಿಡಿ ಪೋರ್ಟ್‌ನಿಂದ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಓದಿದರೆ ವಾಸಿ, ಕೂಲೆಂಟ್ ಬಿಸಿ ಒಂದೊಂದು ಡಿಗ್ರಿ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಇಂಜಿನ್ ಆಯಿಲ್ ಬಿಸಿಯನ್ನು ತುಂಬಾ ಕಾರುಗಳು ಕೊಡುವುದೇ ಇಲ್ಲ. ರೇಡಿಯೇಟರ್‌ಗೆ ಹೋಗುವಾಗ ಕೂಲೆಂಟ್ ಎಷ್ಟು ಬಿಸಿ, ಅಲ್ಲಿಂದ ಹೊರಬರುವಾಗ ಎಷ್ಟು ಅನ್ನುವುದಂತೂ ಸಾಮಾನ್ಯವಾಗಿ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಇವೇ. ಹಾಗಾಗಿ ನಾಲ್ಕು ಬಗೆಯ ಸೆನ್ಸರ್‌ಗಳನ್ನು ಒಂದೇ ಆರ್ಡುಯಿನೋಗೆ (ನಾವೇ ಕೋಡ್ ಬರೆದು ಓಡಿಸುವ ಸಣ್ಣ ಬೋರ್ಡ್) ಜೋಡಿಸಿ, ಎಸ್‌ಡಿ ಕಾರ್ಡಿಗೆ ಬರೆಸುತ್ತಾ ಓಡಿಸಿ ನೋಡಿದೆ.

ಎಲ್ಲರೂ ಮೊದಲು ಕೈ ಹಾಕುವುದು ಡಿಎಸ್18ಬಿ20ಗೆ. ಕಾರಣ ಇದೆ. ಡಿಜಿಟಲ್ ಸೆನ್ಸರ್, ಪ್ರತಿಯೊಂದಕ್ಕೂ ತನ್ನದೇ 64 ಬಿಟ್ ಗುರುತು ಸಂಖ್ಯೆ. ಒಂದೇ ವೈರ್‌ನಲ್ಲಿ ಹಲವನ್ನು ಸಾಲಾಗಿ ಸೇರಿಸಬಹುದು. ಮೈನಸ್ 10ರಿಂದ 85ರವರೆಗೆ ಅರ್ಧ ಡಿಗ್ರಿಯೊಳಗಿನ ನಿಖರತೆ ಅಂತ ಡೇಟಾಶೀಟ್ ಹೇಳುತ್ತದೆ. ಆದರೆ ಕಾರಿನಲ್ಲಿ ಇದಕ್ಕೊಂದು ದೊಡ್ಡ ತೊಡಕಿದೆ. ಪವರ್ ಬಂದ ತಕ್ಷಣ, ಇನ್ನೂ ಏನನ್ನೂ ಅಳೆಯದೆ ಇದು ತೋರಿಸುವ ಅಂಕಿ 85 ಡಿಗ್ರಿ. ಬೇರೆ ಕಡೆ ಆಗಿದ್ದರೆ ಥಟ್ಟನೆ ಕಣ್ಣಿಗೆ ಬೀಳುತ್ತಿತ್ತು. ಬಿಸಿಯಾದ ಇಂಜಿನ್ನಿನಲ್ಲಿ 85 ಅಂದರೆ ಸರಿಯಾದ ಕೂಲೆಂಟ್ ಬಿಸಿಯೇ, ಅಲ್ವಾ? ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ. ಆಗ ಸೆನ್ಸರ್ ರೀಸೆಟ್ ಆದರೆ ಲಾಗ್‌ನಲ್ಲಿ ಒಂದು ಸುಳ್ಳು 85 ಬಂದು ಕೂರುತ್ತದೆ. ಅಕ್ಕಪಕ್ಕದ ಅಂಕಿಗಳಿಗೆ ಹೊಂದದೆ ಒಂಟಿಯಾಗಿ ನಿಂತ 85.0000 ಕಂಡರೆ ಅದನ್ನು ಕೋಡ್‌ನಲ್ಲೇ ತೆಗೆದುಹಾಕಿ. ಪೂರ್ತಿ 12 ಬಿಟ್‌ನಲ್ಲಿ, ಅಂದರೆ ಅತಿ ಸೂಕ್ಷ್ಮವಾಗಿ ಅಳೆಯುವಾಗ, ಒಂದು ಅಳತೆಗೆ 750 ಮಿಲಿಸೆಕೆಂಡ್‌ವರೆಗೆ ಬೇಕು, ಕೂಲೆಂಟ್‌ಗೆ ಅಷ್ಟು ಸಾಕು. ಅಡ್ಡ ಬರುವುದು 125 ಡಿಗ್ರಿಯ ಮೇಲ್ಮಿತಿ. ಜೋರಾಗಿ ಏರು ಹತ್ತಿಸಿದರೆ ಇಂಜಿನ್ ಆಯಿಲ್ ಅದರ ಹತ್ತಿರ ಹೋಗಬಹುದು, ದಾಟಲೂಬಹುದು. ಜೊತೆಗೆ ಉಕ್ಕಿನ ಕೊಳವೆಯಲ್ಲಿ ಬರುವ ರೆಡಿಮೇಡ್ ಪ್ರೋಬ್‌ಗಳಿಗೆ ಸಾಮಾನ್ಯವಾಗಿ ಥ್ರೆಡ್ ಇರುವುದಿಲ್ಲ. ಹೋಸ್‌ನ ಮೇಲೆ ಕಟ್ಟಬೇಕು ಅಷ್ಟೇ.

ಕೆ-ಟೈಪ್ ಥರ್ಮೋಕಪಲ್ ಅನ್ನು (ಎರಡು ಬೇರೆ ಲೋಹದ ತಂತಿ ಸೇರಿಸಿದ, ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ ಸೆನ್ಸರ್) ಅದನ್ನು ಓದುವ ಮ್ಯಾಕ್ಸ್31855 ಚಿಪ್ ಜೊತೆ ಹಾಕಿದ್ದೆ. ತುದಿ ಸಣ್ಣದಾದ್ದರಿಂದ ಬಹಳ ಚುರುಕು. ಆದರೆ ಒಂದು ಡಿಗ್ರಿಗೆ ಇದು ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ, ಇಗ್ನಿಷನ್ ಗದ್ದಲದ ನಡುವೆ ಅಷ್ಟು ಚಿಕ್ಕ ಸಿಗ್ನಲ್ ಸುಲಭವಾಗಿ ಕೆಡುತ್ತದೆ. ಪ್ರೋಬ್‌ನ ತುದಿ ಅದರ ಲೋಹದ ಕವಚಕ್ಕೆ ತಾಗಿರುವ ಬಗೆಯದಾದರೆ, ಇಂಜಿನ್‌ಗೆ ಮುಟ್ಟಿದೊಡನೆ ಚಿಪ್ ಗ್ರೌಂಡ್ ಶಾರ್ಟ್ ಅಂತ ದೂರು ಹೇಳುತ್ತದೆ. ಚಿಪ್‌ನ ತಪ್ಪೇ ಎರಡು ಡಿಗ್ರಿವರೆಗೆ ಇರಬಹುದು. ನೂರರ ಆಸುಪಾಸಿನ ಕೂಲೆಂಟ್ ಅಳೆಯಲು ಸುಮ್ನೆ ಇಷ್ಟೆಲ್ಲ ರಗಳೆ ಯಾಕೆ?

ಪಿಟಿ1000 (ಬಿಸಿ ಏರಿದಂತೆ ರೆಸಿಸ್ಟೆನ್ಸ್ ಏರುವ ಪ್ಲಾಟಿನಂ ಸೆನ್ಸರ್) ನನಗೆ ತುಂಬಾ ಇಷ್ಟವಾಯಿತು. ಸೊನ್ನೆ ಡಿಗ್ರಿಯಲ್ಲಿ 1000 ಓಮ್, ನೂರರಲ್ಲಿ ಸುಮಾರು 1385. ಹೆಚ್ಚು ಕಡಿಮೆ ನೇರ ಗೆರೆ. ವೈರ್‌ನಲ್ಲಿ ಒಂದು ಓಮ್ ಜಾಸ್ತಿ ಸೇರಿದರೂ ತಪ್ಪು ಕಾಲು ಡಿಗ್ರಿಯಷ್ಟೇ. ಅದೇ ಸೊನ್ನೆಯಲ್ಲಿ 100 ಓಮ್ ಇರುವ ಪಿಟಿ100 ಆಗಿದ್ದರೆ ಎರಡೂವರೆ ಡಿಗ್ರಿ. ಉಳಿದವು ಸರಿ ಹೇಳುತ್ತಿವೆಯೇ ಅಂತ ತಾಳೆ ನೋಡಲು ಇದನ್ನೇ ಬಳಸಿದೆ.

ಆದರೂ ಕಾರಿನಲ್ಲಿ ಖಾಯಂ ಆಗಿ ಉಳಿದದ್ದು ಕಾರಿಗೆಂದೇ ಮಾಡಿದ ಎನ್‌ಟಿಸಿ ಥರ್ಮಿಸ್ಟರ್ (ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುವ ಸೆನ್ಸರ್). ಹಿತ್ತಾಳೆ ಮೈ, ಎಂ12 ಥ್ರೆಡ್, ನೀರು ಒಳಹೋಗದ ಕನೆಕ್ಟರ್. ನೇರ ದ್ರವದೊಳಗೆ ಮುಳುಗಿ ಕೂರುತ್ತದೆ. ಈ ಬಗೆಯ ಬಾಷ್ ಸೆನ್ಸರ್ 20 ಡಿಗ್ರಿಯಲ್ಲಿ 2.5 ಕಿಲೋ ಓಮ್, 100 ಡಿಗ್ರಿಯಲ್ಲಿ ಸುಮಾರು 186 ಓಮ್. ಗೆರೆ ನೇರವಲ್ಲ, ಸೂತ್ರ ಹಾಕಿ ಲೆಕ್ಕ ಮಾಡಬೇಕು. ಪುಲ್‌ಅಪ್ ರೆಸಿಸ್ಟರ್ (ಸೆನ್ಸರ್‌ಗೂ 5 ವೋಲ್ಟ್‌ಗೂ ನಡುವೆ ಹಾಕುವುದು) ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಕೈಗೆ ಸಿಕ್ಕ 10 ಕಿಲೋ ಓಮ್ ಹಾಕಿದರೆ, 100 ದಾಟಿದ ಮೇಲೆ ಆರ್ಡುಯಿನೋದ 10 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದು ಹೆಜ್ಜೆ ಎರಡು ಡಿಗ್ರಿಗೂ ಜಾಸ್ತಿ ಆಗುತ್ತದೆ. 1 ಕಿಲೋ ಓಮ್ ಹಾಕಿ, ಒಂದು ಹೆಜ್ಜೆ ಡಿಗ್ರಿಯ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪುಲ್‌ಅಪ್‌ಗೂ ಎಡಿಸಿಗೂ ಅದೇ 5 ವೋಲ್ಟ್ ಕೊಟ್ಟರೆ ಪವರ್ ಸ್ವಲ್ಪ ಏರಿಳಿದರೂ ಅಳತೆ ಕೆಡುವುದಿಲ್ಲ. ಸೆನ್ಸರ್‌ನ ಗ್ರೌಂಡ್ ವೈರ್ ಮಾತ್ರ ನೇರ ಬೋರ್ಡಿಗೇ ಬರಲಿ, ಕಾರಿನ ಲೋಹದ ಮೈಗೆ ಜೋಡಿಸಬೇಡಿ.

ಯಾವ ಸೆನ್ಸರ್ ಅನ್ನುವುದಕ್ಕಿಂತ ಎಲ್ಲಿ ಕೂರಿಸುತ್ತೀರಿ ಅನ್ನುವುದರಿಂದಲೇ ಅಂಕಿ ಜಾಸ್ತಿ ಬದಲಾಗುತ್ತದೆ. ಹೋಸ್‌ನ ಹೊರಗೆ ಕಟ್ಟಿದ ಸೆನ್ಸರ್ ಒಳಗಿನದಕ್ಕಿಂತ ಕಡಿಮೆ ತೋರಿಸುತ್ತದೆ, ಫ್ಯಾನ್ ತಿರುಗಿದರೆ ಇನ್ನೂ ಕಡಿಮೆ. ಮೇಲೆ ಫೋಮ್ ಸುತ್ತಿದರೆ ಸುಧಾರಿಸುತ್ತದೆ, ಸರಿಹೋಗುವುದಿಲ್ಲ. ಹೋಸ್ ನಡುವೆ ಥ್ರೆಡ್ ಇರುವ ಲೋಹದ ಅಡಾಪ್ಟರ್ ಹಾಕುವುದೇ ಒಳ್ಳೆಯದು. ಹಾಕಿದ ಮೇಲೆ ಗಾಳಿಯನ್ನು ಪೂರ್ತಿ ಹೊರಹಾಕಿ. ತುದಿ ಗಾಳಿಗುಳ್ಳೆಯಲ್ಲಿ ಇದ್ದರೆ ಎಂಥ ಸೆನ್ಸರ್ ಆದರೂ ಸುಳ್ಳು ಹೇಳುತ್ತದೆ. ಇಂಜಿನ್ ಬಿಸಿ ಇದ್ದಾಗ ಕೂಲೆಂಟ್ ಒತ್ತಡದಲ್ಲಿರುತ್ತದೆ, ಈ ಕೆಲಸಕ್ಕೆಲ್ಲ ಪೂರ್ತಿ ತಣ್ಣಗಾಗಲಿ.

ಬ್ರೇಕ್ ದ್ರವದ ಬಿಸಿ ಅಳೆಯಲು ಮಾತ್ರ ದಯವಿಟ್ಟು ಬ್ರೇಕ್ ಲೈನ್ ಬಿಚ್ಚಬೇಡಿ. ನೀರು ಹೀರಿಕೊಂಡ ಡಾಟ್ 4 ದರ್ಜೆಯ ಬ್ರೇಕ್ ದ್ರವಕ್ಕೆ ಇರಬೇಕಾದ ಕನಿಷ್ಠ ಕುದಿಬಿಂದು 155 ಡಿಗ್ರಿ. ಕ್ಯಾಲಿಪರ್ (ಚಕ್ರದ ಬಳಿ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಅದರ ಹತ್ತಿರ ಹೋಗುತ್ತಿದೆಯೇ ಅಂತ ನೋಡಲು, ಕೂಲೆಂಟ್‌ಗೆ ಬೇಡವೆಂದ ಆ ಥರ್ಮೋಕಪಲ್ ಅನ್ನು ಕ್ಯಾಲಿಪರ್ ಹೊರಮೈಗೆ ಬಿಗಿದರೆ ಸಾಕು.