ಬಾಡಿಗೆ ಮನೆ ಏಜೆನ್ಸಿಗೆ ಕೊಡೋದಾ, ನಾವೇ ನೋಡ್ಕೊಳ್ಳೋದಾ? ಎರಡೂ ಮಾಡಿ ನೋಡಿದ್ದೀನಿ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ನಾವೇ ನೋಡ್ಕೊಳ್ಳೋದಕ್ಕೆ. ಇರೋದು ಒಂದೇ ಮನೆ, ಅದೂ ಲೋನ್ ಮಾಡಿ ತಗೊಂಡಿದ್ದು ಅಂದ್ರೆ ಏಜೆನ್ಸಿ ಬೇಡ. ನಾನು ಎರಡು ವರ್ಷ ಏಜೆನ್ಸಿ ಕೈಲಿ ಕೊಟ್ಟಿದ್ದೆ, ಈಗ ಒಂದೂವರೆ ವರ್ಷದಿಂದ ನಾನೇ ನೋಡ್ಕೋತಿದೀನಿ, ಎರಡರ ಲೆಕ್ಕಾನೂ ನೋಟ್‌ಬುಕ್‌ನಲ್ಲಿ ಬರ್ದಿಟ್ಟಿದೀನಿ.

ಕೊಟ್ಟಿದ್ದು ಭಯಕ್ಕೆ. ಮೊದಲನೇ ಮನೆ, ಅಗ್ರಿಮೆಂಟ್‌ನಲ್ಲಿ ಏನೇನು ಬರೆಸ್ಬೇಕು ಗೊತ್ತಿಲ್ಲ, ರಾತ್ರಿ ನಲ್ಲಿ ಕಿತ್ಕೊಂಡ್ರೆ ಯಾರಿಗೆ ಫೋನ್ ಮಾಡೋದು ಅದೂ ಗೊತ್ತಿಲ್ಲ. ಬಾಡಿಗೆಯಲ್ಲಿ 8% ಕೊಡಿ ಸಾಕು ಅಂದ್ರು, ಎಂಟು ತಾನೇ ಅಂತ ಒಪ್ಕೊಂಡೆ. ಹೊಸಬರು ಲೆಕ್ಕ ತಪ್ಪೋದು ಇಲ್ಲೇ. ಆ 8% ಪೂರ್ತಿ ಬಾಡಿಗೆ ಮೇಲೆ ಹಾಕೋದು, ನಮ್ಮ ಕೈಗೆ ಉಳಿಯೋದರ ಮೇಲಲ್ಲ. ಟ್ಯಾಕ್ಸು, ಇನ್ಶೂರೆನ್ಸು, ರಿಪೇರಿ, ಖಾಲಿ ಬಿದ್ದ ದಿನಗಳು ಎಲ್ಲ ಕಳೆದು ಬಾಡಿಗೆಯಲ್ಲಿ ಅರ್ಧ ಉಳೀತು ಅಂದ್ಕೊಳ್ಳಿ, ಆ ಉಳಿಕೆಗೆ ಹೋಲಿಸಿದ್ರೆ ಅದು 16% ಆಯ್ತು. ಲೋನ್ ಕಂತೂ ಕಳೆದು 100ಕ್ಕೆ 10 ಉಳಿಯೋ ನನ್ನಂಥೋರಿಗೆ ಅದರಲ್ಲಿ 8 ಅವರಿಗೇ ಹೋಗುತ್ತೆ.

ಆದ್ರೂ ಸುಮ್ನಿದ್ದೆ. ಬಿಡಿಸ್ಕೊಳ್ಳೋ ಹಾಗೆ ಮಾಡಿದ್ದು ಬೆಡ್‌ರೂಮಿನ ಒಂದು ಗೋಡೆ.

ಬಾತ್‌ರೂಮ್ ಪಕ್ಕದ ಗೋಡೆ ಅದು. ನೆಲದಿಂದ ಒಂದು ಗೇಣು ಎತ್ತರಕ್ಕೆ ತೇವ ಬಂದು ಬಣ್ಣ ಹಕ್ಕಳೆ ಎದ್ದು ಉದುರೋಕೆ ಶುರುವಾಯ್ತು. ಬಾಡಿಗೆಯವರು ಹೇಳಿದ ತಕ್ಷಣ ಏಜೆನ್ಸಿ ಪೇಂಟರ್‌ನ ಕಳಿಸಿ ಕೆರೆಸಿ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ರು, ಬಿಲ್ ಬಾಡಿಗೆಯಲ್ಲಿ ಹಿಡ್ಕೊಂಡ್ರು. ನಾಲ್ಕು ತಿಂಗಳಿಗೆ ಮತ್ತೆ ತೇವ, ಮತ್ತೆ ಪುಟ್ಟಿ. ಮೂರನೇ ಸಲ ಪ್ಲಂಬರ್ ಬಂದು ನಲ್ಲಿ ವಾಷರ್ ಬದಲಾಯಿಸಿ ಹೋದ, ಅದಕ್ಕೊಂದು ಬಿಲ್ಲು, ಬಿಲ್ ಮೇಲೆ ಇವರ ಸರ್ವೀಸ್ ಚಾರ್ಜ್. ಪ್ರತಿ ಸಲ ನನಗೆ ಬರ್ತಿದ್ದ ಮೆಸೇಜ್ ಒಂದೇ, ಕೆಲಸ ಮುಗಿದಿದೆ. ಕೊನೆಗೆ ಆ ರೂಮಲ್ಲಿ ಮಗು ಮಲಗಿಸೋಕಾಗಲ್ಲ ಅಂತ ಅವರು ಖಾಲಿ ಮಾಡಿದ್ರು. ಇದ್ದಷ್ಟು ದಿನ ಒಂದ್ಸಲವೂ ಬಾಡಿಗೆ ತಡ ಮಾಡದ ಜನ, ಇವತ್ತಿಗೂ ಬೇಜಾರಾಗುತ್ತೆ.

ಖಾಲಿ ಮನೆಗೆ ನಾನೇ ಹೋದೆ. ಎಲ್ಲಾ ನಲ್ಲಿ ಮುಚ್ಚಿ ವಾಟರ್ ಮೀಟರ್ ಮುಂದೆ ಅರ್ಧ ಗಂಟೆ ನಿಂತೆ, ಮುಳ್ಳು ಅಲ್ಲಾಡ್ಲಿಲ್ಲ. ನೀರು ಬರೋ ಪೈಪ್ ಸೋರ್ತಿದ್ರೆ ಅದು ತಿರುಗ್ಲೇಬೇಕಿತ್ತು. ಸರಿ ಅಂತ ಬಾತ್‌ರೂಮಿನ ನೀರು ಹೋಗೋ ತೂತಿಗೆ ಬಟ್ಟೆ ತುರುಕಿ, ನೆಲದಲ್ಲಿ ಎರಡು ಬೆರಳಷ್ಟು ನೀರು ನಿಲ್ಲಿಸಿ, ಆಚೆ ಗೋಡೆಯಲ್ಲಿ ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಬಂದೆ. ಮಾರನೇ ದಿನ ತೇವ ಗೆರೆ ದಾಟಿ ಮೂರು ಬೆರಳು ಮೇಲಕ್ಕೆ ಬಂದಿತ್ತು. ನೆಲ ಗೋಡೆ ಸೇರೋ ಮೂಲೆಯಲ್ಲಿ ಟೈಲ್ಸ್ ಸಂದಿ ಉಗುರಲ್ಲಿ ಕೆರೆದ್ರೆ ಪುಡಿ ಪುಡಿ ಉದುರ್ತಿತ್ತು. ಆ ಸಾಲು ಎಬ್ಬಿಸಿ ಕೆಳಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆ ಪೂರ್ತಿ ಒಣಗೋ ತನಕ ಕಾದು ಆಮೇಲೆ ಬಣ್ಣ ಹೊಡೆಸಿದೆ. ಆಗಿದ್ದು ಹಿಂದಿನ ಮೂರು ಬಿಲ್‌ಗಿಂತ ಕಮ್ಮಿ, ಮತ್ತೆ ತೇವ ಬಂದಿಲ್ಲ.

ಏಜೆನ್ಸಿಯವರು ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಅವರಿಗೆ ದುಡ್ಡು ಎಲ್ಲಿಂದ ಬರುತ್ತೆ ನೋಡಿ ಸಾಕು. ಹೊಸ ಬಾಡಿಗೆಯವರನ್ನ ತಂದಾಗ ಒಂದು ಫೀ, ರಿಪೇರಿ ಆದಾಗ ಒಂದು ಚಾರ್ಜ್. ಒಂದೇ ಕುಟುಂಬ ಐದು ವರ್ಷ ಇದ್ದು ಏನೂ ಕೆಡದಿದ್ರೆ ಲಾಭ ನಮಗೆ. ಬಾಡಿಗೆ ಏರಿಸಿ ಏರಿಸಿ ಅಂತ ಅವರು ಹೇಳೋದನ್ನೂ ಹೀಗೇ ಲೆಕ್ಕ ಹಾಕಿ. 5% ಏರಿಸಿದ್ದಕ್ಕೆ ಬಾಡಿಗೆಯವರು ಬಿಟ್ಟು ಹೋಗಿ ಮನೆ ಒಂದೇ ತಿಂಗಳು ಖಾಲಿ ಬಿದ್ರೂ ಆ ನಷ್ಟ ತುಂಬೋಕೆ 20 ತಿಂಗಳು ಬೇಕು.

ಪೇಪರ್ ಕೆಲಸದಲ್ಲಿ ಏಜೆನ್ಸಿನೇ ಮೇಲು. ಬಾಡಿಗೆ ಕೇಳೋಕೆ ಮುಜುಗರ ಪಡೋರಿಗೂ ಅದೇ ವಾಸಿ.

ಬಾಡಿಗೆಗೆ ಬರೋರ ಬಗ್ಗೆ ವಿಚಾರಿಸೋದು ಮಾತ್ರ ನಾವೇ ಮಾಡ್ಬೇಕು. ಏಜೆನ್ಸಿ ಸಂಬಳದ ಚೀಟಿ ನೋಡಿ, ಸಂಬಳ ಬಾಡಿಗೆಯ ಮೂರು ಪಟ್ಟು ಇದೆಯಾ ಅಂತ ನೋಡಿ ಬಿಟ್ಬಿಡ್ತಿದ್ರು. ನಾನು ಬರೋರು ಈಗಿರೋ ಮನೆ ಓನರ್ ಜೊತೆಗೆ ಅದಕ್ಕೂ ಹಿಂದಿನ ಮನೆ ಓನರ್‌ಗೂ ಫೋನ್ ಮಾಡ್ತೀನಿ. ಈಗಿನೋರಿಗೆ ಅವರು ಹೋದ್ರೆ ಸಾಕು ಅನ್ನಿಸಿದ್ರೆ ಹೊಗಳೇ ಹೊಗಳ್ತಾರೆ, ಹಿಂದಿನೋರಿಗೆ ಆ ಅವಸರ ಇರಲ್ಲ.

ನನಗೆ ತಿಂಗಳಿಗೆ ಎರಡು ಮೂರು ಗಂಟೆ ಹಿಡಿಯುತ್ತೆ, ಬಾಡಿಗೆಯವರು ಬದಲಾಗೋ ವಾರ ಮಾತ್ರ ಪೂರ್ತಿ ಓಡಾಟ. ಮನೆ ಅರ್ಧ ಗಂಟೆ ದೂರ, ಯಾವಾಗ ಫೋನ್ ಬಂದ್ರೂ ಎತ್ತೋ ಅಭ್ಯಾಸ ಇದೆ, ಹಾಗಾಗಿ ನಡೀತಿದೆ. ನೀವು ಬೇರೆ ಊರಲ್ಲಿದ್ರೆ, ಇಲ್ಲಾ ಮೂರು ನಾಲ್ಕು ಮನೆ ಇದ್ರೆ ಏಜೆನ್ಸಿಗೇ ಕೊಡಿ. ಆದ್ರೆ ಸಹಿ ಹಾಕೋ ಮುಂಚೆ ಇಷ್ಟು ಬರೆಸ್ಕೊಳ್ಳಿ: ಇಂತಿಷ್ಟು ದುಡ್ಡಿಗಿಂತ ಜಾಸ್ತಿ ಆಗೋ ರಿಪೇರಿಗೆ ನಿಮ್ಮನ್ನ ಕೇಳ್ಬೇಕು, ಕೆಲಸಕ್ಕೆ ಮುಂಚೆ ಮತ್ತೆ ಆದ್ಮೇಲೆ ಫೋಟೋ ಕಳಿಸ್ಬೇಕು, ಡೆಪಾಸಿಟ್ ಯಾರ ಹತ್ರ ಇರುತ್ತೆ, 30 ದಿನದ ನೋಟಿಸ್ ಕೊಟ್ಟು ನೀವು ಬಿಡಿಸ್ಕೋಬಹುದು. ನನ್ನ ಅಗ್ರಿಮೆಂಟ್‌ನಲ್ಲಿ ಈ ಕೊನೇದು ಇರ್ಲಿಲ್ಲ, ಅದಕ್ಕೇ ಗೋಡೆ ವಿಷಯ ಗೊತ್ತಾದ್ಮೇಲೂ ಐದು ತಿಂಗಳು ಅವರಿಗೆ ಫೀ ಕಟ್ಟಿದ್ದೀನಿ.